ಅಕ್ಕಿಆಲೂರಿನಿಂದ ಕ್ಯಾಮರೂನಿಗೆ ಹೋಗುವವರ ಗಮನಕ್ಕೆ

ಅಕ್ಕಿಆಲೂರಿನಿಂದ ಮಧ್ಯ ಆಫ್ರಿಕಾದ ಕ್ಯಾಮರೂನ್ ದೇಶಕ್ಕೆ ಹೋಗಬೇಕೆನ್ನುವವರು ಮೊದಲು ಹಾನಗಲ್ಲಿನ ಬಸ್ಸು ಹಿಡಿಯಬೇಕು. ಹಾನಗಲ್ಲಿನಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಮುಂದಿನದನ್ನು ವಿಮಾನದವರೇ ನೋಡಿಕೊಳ್ಳುತ್ತಾರೆ. ಇಡೀ ಪ್ರಯಾಣದಲ್ಲಿ ಕಷ್ಟದ ಭಾಗ ಯಾವುದೆಂದರೆ ಅಕ್ಕಿಆಲೂರಿನಿಂದ ಹಾನಗಲ್ಲಿನವರೆಗಿನದು. ಸಂತೆಯ ದಿನವಾದರಂತೂ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನು ಆ ಬಸ್ಸನ್ನೇ ತಪ್ಪಿಸಿಕೊಂಡವಳು. ಯಾಕೆ ತಪ್ಪಿಸಿಕೊಂಡೆ ಎಂಬುದನ್ನು ಮುಂದೆ ಹೇಳುತ್ತೇನೆ.

ಈಗ ನನ್ನ ಹತ್ತಿರ ಸಲಹೆ ಕೇಳಲು ಜನ ಬರುತ್ತಾರೆ. ತಿಳವಳ್ಳಿಯವರೊಬ್ಬರ ತಮ್ಮ ಘಾನಾಕ್ಕೆ ಹೊರಟಿದ್ದಾನಂತೆ, ಶಿಗ್ಗಾವಿಯವರೊಬ್ಬರ ಅಳಿಯನಿಗೆ ಕೀನ್ಯಾದಲ್ಲಿ ಕೆಲಸವಾಯಿತಂತೆ. ಯಾವ ದೇಶವಾದರೇನು, ಆಫ್ರಿಕಾ ಎಂದರೆ ಸಾಕು, "ಅಕ್ಕಿಆಲೂರಾಗ ಒಬ್ಬಾಕಿ ಅದಾಳ, ಆಕೀನ್ನ ಕೇಳ್ರಿ" ಎಂದು ನನ್ನ ಮನೆಗೆ ಅಟ್ಟುತ್ತಾರೆ. ಆಫ್ರಿಕಾ ನಮ್ಮ ಹಾನಗಲ್ ತಾಲೂಕಿಗಿಂತ ತುಸು ದೊಡ್ಡದು, ಕೀನ್ಯಾದ ಸಂಗತಿ ನನಗೆ ಗೊತ್ತಿಲ್ಲ ಎಂದರೆ ಅವರಿಗೆ ಬೇಸರವಾಗುತ್ತದೆ. ವಿಮಾನ ಹತ್ತಿ ಬಂದಮೇಲೆ ಈಕೆಗೆ ಸೊಕ್ಕು ಬಂದಿದೆ ಎಂದುಕೊಂಡು ಚಹಾ ಕುಡಿದು ಹೋಗುತ್ತಾರೆ.

ನಾನು ಹೋಗಿದ್ದು ಊರು ನೋಡಲಿಕ್ಕಲ್ಲ, ಮಗಳ ಬಾಳಂತನಕ್ಕೆ. ಮಗಳನ್ನು ಹಿರೇಕೆರೂರಿಗೆ ಕೊಟ್ಟಿದ್ದೇವೆ. ಅಳಿಯ ಅಕ್ಕಿ ಗಿರಣಿಯ ಯಂತ್ರಗಳನ್ನು ಜೋಡಿಸುವ ಕಂಪನಿಯಲ್ಲಿದ್ದಾನೆ. ಕಂಪನಿಯವರು ಅವನನ್ನು ಕ್ಯಾಮರೂನಿನ ಡೌವಾಲಾ ಎಂಬ ದೊಡ್ಡ ಊರಿಗೆ ಕಳಿಸಿದರು, ಮಗಳೂ ಹೋದಳು. ನಮ್ಮ ಓಣಿಯಿಂದ ಅಮೇರಿಕಾಕ್ಕೆ ಬಾಳಂತನಕ್ಕೆ ಹೋಗಿ ಬಂದ ಒಬ್ಬರಿದ್ದಾರೆ. ಅವರು ಹೊರಟಾಗ ಇಡೀ ಓಣಿ ಅವರ ಪುಣ್ಯವನ್ನು ಕೊಂಡಾಡಿತ್ತು. ನಾನು ಹೊರಟೆ ಎಂದಾಗ ಅದೇ ಓಣಿಯವರು ಬಂದು ಕುಳಿತು, "ಅಯ್ಯ, ಅಷ್ಟ್ ದೂರ! ಬ್ಯಾರೆ ಹಾದಿ ಇಲ್ಲೇನ?" ಎಂದು ನನ್ನ ಕೈ ಸವರಿದರು. ಒಬ್ಬಳಂತೂ ದೇಶದ ಹೆಸರು ಕೇಳಿ, "ಕ್ಯಾಮರಾ ರೂಮ್? ಅದೇನ್ ಸ್ಟುಡಿಯೋ ಏನವ್ವಾ?" ಅಂದಳು. ಬಾಳಂತನ ಒಂದೇ, ಎಣ್ಣೆ ನೀರು ಒಂದೇ. ಆದರೆ ಅವರದು ಪುಣ್ಯ, ನನ್ನದು ಕರ್ಮ.

ನಾನು ಹೋಗಲೇಬೇಕಾಗಿತ್ತು. ಅದಕ್ಕೂ ಹಿಂದೆ ಒಮ್ಮೆ ಮಗಳಿಗೆ ಅದೇ ಊರಿನಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಮಗು ಉಳಿಯಲಿಲ್ಲ. ಅಳಿಯ ಒಳನಾಡಿನ ಗಿರಣಿಯಲ್ಲಿದ್ದ. ಆಗ ನನ್ನ ಬಳಿ ಇದ್ದದ್ದು ಆಧಾರ್ ಕಾರ್ಡು ಮತ್ತು ರೇಷನ್ ಕಾರ್ಡು. ಅವನ್ನು ತೋರಿಸಿದರೆ ವಿಮಾನ ಹತ್ತಿಸಿಕೊಳ್ಳುವುದಿಲ್ಲ. ಫೋನಿನಲ್ಲಿ ಮಗಳು, "ಅವ್ವಾ, ಬಾಜೂಕ ಯಾರೂ ಇರಲಿಲ್ಲವಾ" ಅಂದಳು. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡು ಕೂತಿತು. "ಮುಂದಿನ ಸಲ ನಾ ಬರ್ತೇನಿ. ಬರ್ತೇನಿ ಅಂದ್ರ ಬರ್ತೇನಿ" ಅಂದೆ. ಮರುದಿನವೇ ಹಾನಗಲ್ಲಿಗೆ ಹೋಗಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದೆ. ನಗಬೇಡಿರಿ ಅಂದ ಸ್ಟುಡಿಯೋದವನು. ನಗುವ ಹಾಗೆ ನನಗೇನೂ ಆಗಿರಲಿಲ್ಲ.

ಮಗಳು ಮತ್ತೆ ಬಸುರಾದಳು. ಪಾಸ್‌ಪೋರ್ಟು ಪೆಟ್ಟಿಗೆಯಲ್ಲಿ ಸಿದ್ಧವಿತ್ತು. ಡಾಕ್ಟರು ಈ ಸಲ ಆಕೆ ವಿಮಾನ ಹತ್ತಲೇಬಾರದು ಅಂದಿದ್ದರು. ಹೀಗಾಗಿ ತವರುಮನೆಯೇ ಗಂಟು ಕಟ್ಟಿಕೊಂಡು ಹೊರಡಬೇಕಾಯಿತು. ನಮ್ಮವರಿಗೆ ಭತ್ತದ ಕಟಾವು. ಅವರು ಬರುವ ಹಾಗಿರಲಿಲ್ಲ. ನಾನೊಬ್ಬಳೇ ಹೋಗುವುದೆಂದಾಯಿತು.

ಆಮೇಲೆ ಶುರುವಾಯಿತು ನೋಡಿ ಸಲಹೆಗಳ ಸುಗ್ಗಿ. ಶಿಗ್ಗಾವಿಯಲ್ಲಿರುವ ನನ್ನ ಮೈದುನ ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಇಡೀ ದಿನ ಮೊಬೈಲ್ ನೋಡುತ್ತಾನೆ. "ವೈನಿ, ಅಲ್ಲಿ ಓಣ್ಯಾಗ ಹುಲಿ ಬರ್ತಾವಂತ್ರಿ" ಅಂದ.

"ಆಫ್ರಿಕಾದಾಗ ಹುಲಿ ಇಲ್ಲಪಾ. ಸಾಲ್ಯಾಗ ಕಲಿಸಿದ್ರಲ್ಲ."

"ಹಂಗಾರ ಸಿಂಹ ಬರ್ತಾವ. ಒಟ್ಟ ಏನರ ಒಂದ್ ಬರ್ತೈತಿ."

"ನಮ್ಮ ಓಣ್ಯಾಗ ನಾಯಿ ಬರ್ತಾವ. ಅವಕ್ಕ ನೀ ಏನ್ ಮಾಡಿದಿ ಹೇಳು ಮದ್ಲ."

ಅವನಿಗೆ ಸಿಟ್ಟು ಬಂತು. ಆದರೂ ಹೋಗುವಾಗ, "ಹುಬ್ಬಳ್ಳಿ ಸ್ಟ್ಯಾಂಡಿನ್ಯಾಗ ಬ್ಯಾಗ್ ಕೈ ಬಿಡಬ್ಯಾಡ್ರಿ" ಅಂದ. ಅವನು ಹೇಳಿದ್ದರಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಹಿರೇಕೆರೂರಿನ ನಮ್ಮ ಬೀಗತಿ, ಅಂದರೆ ಮಗಳ ಅತ್ತೆ, ಇನ್ನೂ ಜೋರು. ಆಕೆಗೆ ಮೊಣಕಾಲು ನೋವು, ಆದ್ದರಿಂದ ಬರಲಾಗುವುದಿಲ್ಲ. ಬಾಯಿಗೆ ಏನೂ ನೋವಿರಲಿಲ್ಲ. "ಅಲ್ಲಿ ಏನೂ ಸಿಗಂಗಿಲ್ಲಂತರಿ ಬೀಗ್ತೇರ. ಶುಂಠಿ ಸಿಗಂಗಿಲ್ಲ, ಬಳ್ಳೊಳ್ಳಿ ಸಿಗಂಗಿಲ್ಲ. ಎಲ್ಲಾ ಇಲ್ಲಿಂದನ ಒಯ್ಯಬೇಕು" ಎಂದು ಹೇಳಿ, ಮಗುವಿಗೆ ಹೊಗೆ ಹಾಕಲು ಒಂದು ಕಬ್ಬಿಣದ ಅಗ್ಗಿಷ್ಟಿಕೆಯನ್ನೂ ಕಳಿಸಿಕೊಟ್ಟಳು. ಅದನ್ನು ಎತ್ತಲು ನಮ್ಮವರೇ ಬೇಕಾಯಿತು. ಹಳದಿ ಜ್ವರದ ಸೂಜಿ ಮಾಡಿಸಿಕೊಳ್ಳಬೇಕಂತೆ ಎಂದು ನಾನು ಹೇಳಿದಾಗ ಬೀಗತಿ ಅದನ್ನು ಕಾಮಣಿ, ಅಂದರೆ ಕಾಮಾಲೆ, ಎಂದೇ ತಿಳಿದಳು. "ಕಾಮಣಿಗೆ ಸೂಜಿ ಯಾಕರಿ? ನಮ್ಮ ಕಡೆ ಒಬ್ಬರು ಬೇರು ಅರದು ಕೊಡ್ತಾರ. ಮೂರು ದಿನ ಉಪ್ಪು ಬಿಟ್ರ ಸಾಕು" ಎಂದು ಬೇರನ್ನೂ ತರಿಸಿ ಕಳಿಸಿದಳು. ಅಗ್ಗಿಷ್ಟಿಕೆ ನಮ್ಮ ಹಿತ್ತಲಲ್ಲಿದೆ. ಬೇರು ಏನಾಯಿತೋ ಗೊತ್ತಿಲ್ಲ.

ನಿಜವಾದ ಸಲಹೆ ಸಿಕ್ಕಿದ್ದು ಸವಣೂರಿನಲ್ಲಿ. ಅಲ್ಲಿ ಬಟ್ಟೆ ವ್ಯಾಪಾರದ ಹಿರಿಯರೊಬ್ಬರಿದ್ದಾರೆ. ಹರೆಯದಲ್ಲಿ ಅವರು ಕಾಂಗೋದಲ್ಲಿ ತಮ್ಮ ಸೋದರಮಾವನ ಅಂಗಡಿ ನೋಡಿಕೊಂಡಿದ್ದವರು. ನಾನು ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ, "ಬರ್ರಿ, ಕುಂದರ್ರಿ" ಎಂದು ಗಾದಿಯ ಮೇಲಿನ ಬಟ್ಟೆ ಸರಿಸಿದರು. ವಿಷಯ ಹೇಳಿದೆ. ಅವರು ಕಣ್ಣು ಮುಚ್ಚಿ ಒಂದೊಂದೇ ಹೇಳತೊಡಗಿದರು.

"ನೋಡವಾ ತಂಗಿ, ಹಳದಿ ಜ್ವರದ ಸೂಜಿ ಬೆಂಗಳೂರಾಗ ಮಾಡ್ತಾರ. ಹೋಗೂಕಿಂತ ಹತ್ತು ದಿವಸ ಮದ್ಲ ಆಗಬೇಕು, ಇಲ್ಲಂದ್ರ ನಡ್ಯಂಗಿಲ್ಲ. ಒಂದು ಹಳದಿ ಕಾರ್ಡು ಕೊಡ್ತಾರ, ಅದನ್ನ ಪಾಸ್‌ಪೋರ್ಟಿನ ಜೋಡಿನ ಇಡು. ಎಲ್ಲಾದಕ್ಕೂ ಝೆರಾಕ್ಸ್ ತಗಿ. ಅಸಲಿ ಕಾಗದ ಮನ್ಯಾಗಿರಲಿ, ಬಜಾರಕ್ಕ ಝೆರಾಕ್ಸ್ ಒಯ್ಯಿ. ಪೊಲೀಸರದು, ಸರಕಾರಿ ಕಟ್ಟಡದ್ದು ಫೋಟೋ ಹೊಡಿಬ್ಯಾಡ. ಮಲೇರಿಯಾದ್ದು ಡಾಕ್ಟರ್ನ ಕೇಳಿ ಗುಳಿಗಿ ತೊಗೊ, ಸೊಳ್ಳಿ ಪರದಿ ಬಿಟ್ಟು ಮಲಗಬ್ಯಾಡ."

"ಮತ್ತ ಜನಾ ಹೆಂಗರಿ ಕಾಕಾರ?"

ಆಗ ಅವರು ಕಣ್ಣು ತೆರೆದರು. "ಜನಾ ಅಂದ್ರ ಜನಾ. ಎಲ್ಲಾದಕ್ಕಿಂತ ಮದ್ಲ ಸಲಾಂ ಮಾಡಬೇಕು. ಆರಾಮ ಅದೀರೇನು, ಮನ್ಯಾಗ ಆರಾಮ ಅದಾರೇನು, ಇಷ್ಟು ಕೇಳಿದ ಮ್ಯಾಲ ನಿನ್ನ ಕೆಲಸಾ ಹೇಳು. ನೆಟ್ಟಗ ಹೋಗಿ ಟೊಮಾಟೊ ಎಷ್ಟು ಅಂದೀ, ಅಂದ್ರ ಮಾರಿ ತಿರುವ್ತಾರ."

ನಮ್ಮ ಸಂತೆಯಲ್ಲಿ ಮಾಡುವುದನ್ನೇ ಇವರು ಕಾಂಗೋದಿಂದ ತಂದು ಹೇಳುತ್ತಿದ್ದಾರಲ್ಲ ಎಂದು ನನಗೆ ನಗು ಬಂತು. ಅವರು ಎರಡು ಮೀಟರ್ ಮೆತ್ತನೆಯ ಹತ್ತಿ ಬಟ್ಟೆ ಕತ್ತರಿಸಿ, "ಕೂಸಿಗೆ" ಎಂದು ನನ್ನ ಕೈಗಿಟ್ಟರು. ಏನು ಮಾಡಿದರೂ ದುಡ್ಡು ಮುಟ್ಟಲಿಲ್ಲ.

ಹೊರಡುವ ದಿನ ಬಂತು. ಎರಡು ದೊಡ್ಡ ಬ್ಯಾಗುಗಳಲ್ಲಿ ಅಂಟಿನ ಉಂಡಿ, ಒಣ ಶುಂಠಿ, ಹಸಿ ಶುಂಠಿ, ಬೆಳ್ಳುಳ್ಳಿ, ಬಜೆ, ಅಜಿವಾನ, ಜೋಳದ ಹಿಟ್ಟು, ಬ್ಯಾಡಗಿ ಖಾರದ ಪುಡಿ, ನನ್ನ ಹಳೆಯ ಸೀರೆಗಳಿಂದ ಹೊಲಿದ ಪುಟ್ಟ ಕೌದಿ. ಬಸ್ಸು ನಿಂತಿತ್ತು, ಕಂಡಕ್ಟರ್ ಸೀಟಿ ಊದುತ್ತಿದ್ದ, ಬ್ಯಾಗು ಮೇಲೇರಿಸುತ್ತಿದ್ದರು. ನನ್ನನ್ನು ಕಳಿಸಲು ಬಂದಿದ್ದ ಎದುರು ಮನೆಯ ಆಯಿಯ ಕಡೆ ಬಸ್ಸಿನ ಮೆಟ್ಟಿಲ ಮೇಲಿಂದ ತಿರುಗಿ ಗಡಿಬಿಡಿಯಲ್ಲಿ, "ಆಯಿ, ಹೋಗ್ತೇನಿ" ಅಂದುಬಿಟ್ಟೆ.

ಅಷ್ಟೇ. ಆಯಿ ನನ್ನ ಸೆರಗು ಹಿಡಿದು ಜಗ್ಗಿದಳು. "ಏನಂದಿ? ಹೋಗ್ತೇನಿ ಅಂದ್ಯಾ? ಚೊಚ್ಚಲ ಕೂಸನ್ನ ಕಳಕೊಂಡ ಮಗಳ ಬಾಳಂತನಕ್ಕ ಹೊಂಟಾಕಿ ಹೋಗ್ತೇನಿ ಅಂತೀ? ಇಳಿ ಕೆಳಗ!"

"ಆಯಿ, ಬಸ್ಸು..."

"ಸುಡುಗಾಡು ಬಸ್ಸು! ಮನಿಗೆ ನಡಿ. ಕುಂಡ್ರು, ನೀರು ಕುಡಿ, ಮತ್ತ ಹೊಸದಾಗಿ ಹೊಂಡು."

ಆಯಿಯ ಮಾತಿಗೆ ನಮ್ಮ ಓಣಿಯಲ್ಲಿ ಎದುರಾಡುವವರಿಲ್ಲ. ಕಂಡಕ್ಟರನೇ ಸುಮ್ಮನೆ ಬ್ಯಾಗುಗಳನ್ನು ಕೆಳಗಿಳಿಸಿದ. ಅವನೂ ತಾಯಿಯ ಮಗನೇ ತಾನೆ! ಮನೆಗೆ ಹೋದೆ, ಒಳಗೆ ಕೂತೆ, ಆಯಿ ಕೊಟ್ಟ ನೀರು ಕುಡಿದೆ, ಎದ್ದು ಹೊಸಿಲಿನಲ್ಲಿ ನಿಂತು, "ಬರ್ತೇನಿ" ಅಂದೆ. "ಹೂಂ, ಹೋಗಿ ಬಾ" ಅಂದಳು ಆಯಿ. ಅಷ್ಟರಲ್ಲಿ ಬಸ್ಸು ಹಾನಗಲ್ಲಿನ ಅರ್ಧ ದಾರಿಯಲ್ಲಿತ್ತು. ನಮ್ಮೂರಿನ ಅಕ್ಕಿ ಗಿರಣಿಯಿಂದ ಹುಬ್ಬಳ್ಳಿಗೆ ತೌಡು ಒಯ್ಯುವ ಟೆಂಪೋ ಹೊರಟಿತ್ತು. ಅದರಲ್ಲಿ ನನ್ನನ್ನೂ ಬ್ಯಾಗುಗಳನ್ನೂ ಹಾಕಿ ಕಳಿಸಿದರು. ನಮ್ಮವರು ಟೆಂಪೋದ ಕಿಟಕಿಯ ಬಳಿ ಬಂದು, "ಆಗಾಗ ನೀರು ಕುಡಿ" ಎಂದು ಹೇಳಿದರು. ಅವರ ಪ್ರವಾಸದ ಸಲಹೆ ಅಷ್ಟೇ. ಹುಬ್ಬಳ್ಳಿಯಲ್ಲಿ ಇಳಿದಾಗ ನನ್ನ ಹುಬ್ಬಿನ ಮೇಲೆಲ್ಲ ತೌಡು ಕೂತಿತ್ತು.

ವಿಮಾನದ ಸಂಗತಿ ಹೆಚ್ಚು ಹೇಳುವುದಿಲ್ಲ. ಆಡಿಸ್ ಅಬಾಬಾ ಎಂಬಲ್ಲಿ ಒಂದು ವಿಮಾನ ಇಳಿದು ಇನ್ನೊಂದು ಹತ್ತಬೇಕು. ಅಲ್ಲಿ ಶಿಗ್ಗಾವಿ ಹತ್ತಿರದ ಗೊಟಗೋಡಿಯ ತೋಟದಲ್ಲಿರುವ ಸಿಮೆಂಟಿನ ಮೂರ್ತಿಯ ಹಾಗೆ ಬ್ಯಾಗು ಹಿಡಿದು ನಿಂತಿದ್ದೆ. ಯಾರೋ ಪುಣ್ಯಾತ್ಮರು ಟಿಕೆಟ್ಟು ನೋಡಿ ಸರಿಯಾದ ಬಾಗಿಲಿಗೆ ಬಿಟ್ಟರು. ಡೌವಾಲಾದಲ್ಲಿ ಇಳಿದಾಗ ಮೊದಲು ಕೇಳಿದ್ದು ಹಳದಿ ಕಾರ್ಡನ್ನೇ. ಸವಣೂರಿನ ಕಾಕಾರನ್ನು ಮನಸ್ಸಿನಲ್ಲೇ ನೆನೆದೆ.

ಮುಂದೆ ಬ್ಯಾಗು ತೆರೆಸಿದರು. ಕಸ್ಟಮ್ಸಿನವನು ಅಂಟಿನ ಉಂಡಿಯ ಡಬ್ಬಿ ಎತ್ತಿ ಮೂಸಿ ನೋಡಿ, ಏನಿದು ಎಂದು ಕೈಯಲ್ಲೇ ಕೇಳಿದ. ನಾನು ತಿಂದು ತೋರಿಸಿದೆ. ಅವನೂ ಒಂದು ತಿಂದ. ಆಮೇಲೆ ಗೆಳೆಯನನ್ನು ಕರೆದ, ಅವನೂ ತಿಂದ. ನನ್ನ ಮಗಳ ಸೊಂಟಕ್ಕೆ ಬಲ ಬರಲೆಂದು ಮಾಡಿದ ಉಂಡಿ ಕಸ್ಟಮ್ಸಿನ ಗಂಡಸರ ಸೊಂಟ ಸೇರುತ್ತಿತ್ತು. ಅಷ್ಟರಲ್ಲಿ ಅವರ ಮೇಲಿನವಳು, ದಪ್ಪನೆಯ ಹೆಂಗಸು, ಬಂದಳು. ನಾನು ಹೊಟ್ಟೆಯ ಮುಂದೆ ಕೈಯಿಂದ ಗುಡ್ಡ ತೋರಿಸಿ, ಆಮೇಲೆ ತೋಳಿನಲ್ಲಿ ಕೂಸು ತೂಗಿ ತೋರಿಸಿದೆ. ಆಕೆ ಆ ಇಬ್ಬರಿಗೂ ಛೀಮಾರಿ ಹಾಕಿ, ಡಬ್ಬಿಯ ಮುಚ್ಚಳವನ್ನು ತಾನೇ ಹಾಕಿ ನನ್ನನ್ನು ಬಿಟ್ಟಳು.

ಮಗಳನ್ನು ಕಂಡೆ. ಅಪ್ಪಿಕೊಂಡು ಇಬ್ಬರೂ ಅತ್ತೆವು. ಮರುದಿನ ಆಕೆ ನನ್ನನ್ನು ಸಂತೆಗೆ ಕರೆದೊಯ್ದಳು. ಅಲ್ಲಿ ನೋಡಿದರೆ ಶುಂಠಿಯ ರಾಶಿ! ನಮ್ಮ ಹಾನಗಲ್ಲಿನ ಹೊಲಗಳಲ್ಲಿ ಕೀಳುವಂಥದೇ, ಮಣ್ಣು ಕೂಡ ಹಾಗೇ ಅಂಟಿತ್ತು. ಬೆಳ್ಳುಳ್ಳಿ, ಶೇಂಗಾ, ಬೆಂಡೆಕಾಯಿ, ಹರಿವೆ ಸೊಪ್ಪು, ಗೋವಿನಜೋಳದ ಹಿಟ್ಟು, ಎಲ್ಲವೂ ಇತ್ತು. ನನಗೆ ಬೀಗತಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಆ ಶುಂಠಿಯ ರಾಶಿಯ ಮುಂದೆ ನಿಂತು ಫೋಟೋ ತೆಗೆಸಿ ಹಿರೇಕೆರೂರಿಗೆ ಕಳಿಸಿದೆ. ಶುಂಠಿ ಸರಕಾರಿ ಕಟ್ಟಡವಲ್ಲವಲ್ಲ. ಖಾರ ಸಿಗದೆಂದು ಹೊತ್ತು ತಂದ ಬ್ಯಾಡಗಿ ಪುಡಿಯ ಕತೆಯೂ ಅಷ್ಟೇ. ಅಲ್ಲಿ ಗುಂಡಗಿನ, ಮುದುಡಿದ ಒಂದು ಮೆಣಸಿನಕಾಯಿ ಇದೆ. ಅದರ ಚಟ್ನಿಯನ್ನು ಬೆರಳ ತುದಿಯಲ್ಲಿ ನೆಕ್ಕಿ ನಾನು ಒಂದು ತಂಬಿಗೆ ನೀರು ಕುಡಿದೆ. ನಮ್ಮವರ ಸಲಹೆ ಆಗ ಕೆಲಸಕ್ಕೆ ಬಂತು.

ಮಗಳ ಮನೆ ಮೇಲಿನ ಮಹಡಿಯಲ್ಲಿತ್ತು. ಕೆಳಗಿನ ಮನೆಯಲ್ಲಿ ಒಬ್ಬ ಹೆಂಗಸು ಬಾಡಿಗೆಗಿದ್ದಳು. ಶಾಲೆಯ ಮಾಸ್ತರಿಣಿ, ನಲವತ್ತರ ಹತ್ತಿರದವಳು. ಡೌವಾಲಾದ ಕಡೆ ಫ್ರೆಂಚ್ ನಡೆಯುತ್ತದೆ. ಆಕೆ ಪಶ್ಚಿಮದ ಗುಡ್ಡಗಳ ಕಡೆಯವಳು, ಅಲ್ಲಿನವರದು ಇಂಗ್ಲಿಷು. ಆ ಇಂಗ್ಲಿಷೂ ಮನೆಯಲ್ಲಿ ಆಡುವಾಗ ಬೇರೆಯೇ ತರಹ. ನನ್ನನ್ನು ಕಂಡ ಮೊದಲ ದಿನವೇ "ಮಾಮಿ" ಎಂದು ಕರೆದಳು. ಅವರಲ್ಲಿ ಹಾಗೆಂದರೆ ಅವ್ವ. ನಾನು ಆಕೆಯನ್ನು "ತಂಗಿ" ಎಂದೆ. ಅವಳಿಗೆ ನನ್ನ ಭಾಷೆ ಬಾರದು. ನನಗೆ ಇಂಗ್ಲಿಷಿನಲ್ಲಿ ಬರುವುದು ಟಿಕೆಟ್, ಬ್ಯಾಗ್, ಗೋ, ಕಮ್. ಆದರೂ ಇಬ್ಬರೂ ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸುತ್ತ ಇಡೀ ಸಂಜೆ ಹರಟುತ್ತಿದ್ದೆವು. ಮಗಳು ಬಂದು, "ಏನ್ ಮಾತಾಡಾಕತ್ತೀರಿ ಇಬ್ಬರೂ?" ಎಂದು ಕೇಳಿದರೆ ನನಗೇ ಗೊತ್ತಿರುತ್ತಿರಲಿಲ್ಲ.

ಡಾಕ್ಟರು ಹೇಳಿದ ದಿನ ಇನ್ನೂ ದೂರವಿತ್ತು. ಅಳಿಯ ಒಳನಾಡಿನ ಗಿರಣಿಗೆ ಹೋಗಿದ್ದ. ಮಧ್ಯಾಹ್ನ ಊಟ ಮಾಡಿ ಎದ್ದಾಗ ಮಗಳು ಗೋಡೆ ಹಿಡಿದು ನಿಂತಳು. ಹೊರಗೆ ಮಳೆ. ಎಂಥ ಮಳೆ ಅಂತೀರಿ, ನಮ್ಮ ಮುಂಗಾರನ್ನೆಲ್ಲ ಒಂದೇ ಮಧ್ಯಾಹ್ನ ಸುರಿದಂತಿತ್ತು. ಮನೆಯ ಮುಂದಿನ ಸಂದಿಯಲ್ಲಿ ಮೊಣಕಾಲು ಮಟ್ಟ ನೀರು. ಟ್ಯಾಕ್ಸಿಯವರಿಗೆ ಫೋನು ಹಚ್ಚಿದರೆ ಈ ನೀರಿನಲ್ಲಿ ಬರುವುದಿಲ್ಲ ಅಂದರು. ಅಳಿಯನ ಫೋನು ಹತ್ತಲೇ ಇಲ್ಲ. ನಾನು ಮೆಟ್ಟಿಲಲ್ಲಿ ನಿಂತು "ತಂಗೀ" ಎಂದು ಒದರಿದೆ. ಕೆಳಗಿನವಳು ಓಡಿ ಬಂದಳು. ಮಗಳ ಮುಖ ನೋಡಿದಳು, ಹೊಟ್ಟೆ ಮುಟ್ಟಿದಳು, ಏನೋ ಹೇಳಿದಳು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದಳು. ಕೆಳಗಿನ ಗೇಟು ಧಡಾರೆಂದು ಮುಚ್ಚಿದ್ದು ಕೇಳಿಸಿತು.

ಮಗಳು ಅಳತೊಡಗಿದಳು. "ಅವ್ವಾ, ಆಕಿ ಹೋಗಿಬಿಟ್ಲು. ಐ ಗೋ ಅಂದ್ಲು, ಹೋಗ್ತೇನಿ ಅಂದು ಹೋದ್ಲು. ಮತ್ತ ಹಂಗ ಆಗ್ತೈತವ್ವಾ, ಮತ್ತ ಹಂಗ ಆಗ್ತೈತಿ. ನಾವ ಹೊರಗ ಹೋಗೂಣು. ದೊಡ್ಡ ರಸ್ತೆದಾಗ ಬಾಡಿಗಿ ಬೈಕ್ ಸಿಗ್ತಾವ."

ತುಂಬಿದ ಬಸುರಿ, ಆ ನೀರಿನಲ್ಲಿ ಕಾಲಿಟ್ಟು, ಆಮೇಲೆ ಬೈಕಿನ ಮೇಲೆ! ಹೋಗುವುದೋ ಕೂರುವುದೋ ಹೇಳುವವರು ಯಾರೂ ಇರಲಿಲ್ಲ. ಆದರೆ ಮಗಳು ನೋವಿನಲ್ಲಿ ಅರ್ಧ ಕೇಳಿದ್ದಳು. ನಾನು ಪೂರ್ತಿ ಕೇಳಿದ್ದೆ. ನನಗೆ ಬರುವ ಎರಡು ಮಾತು ಒಂದರ ಹಿಂದೊಂದು ಬಂದಿದ್ದವು.

"ಗೋ ಅಂದು ಬಿಡಲಿಲ್ಲವಾ ಆಕಿ. ಗೋ ಕಮ್ ಅಂದ್ಲು. ಐ ಗೋ ಕಮ್. ಹೋಗಿ ಬರ್ತೇನಿ ಅಂದಾಳ. ಹಂಗ ಅಂದಾಕಿ ಬರ್ತಾಳ. ಕುಂಡ್ರು."

"ನಿನಗ ಇಂಗ್ಲಿಷ್ ಬರಂಗಿಲ್ಲವಾ!"

"ಇಂಗ್ಲಿಷ್ ಬರಂಗಿಲ್ಲ. ಇದು ಬರ್ತೈತಿ. ಕುಂಡ್ರು ಅಂದೆ."

ಮಗಳನ್ನು ಕೂಡಿಸಿದೆ. ಧೈರ್ಯವಾಗಿ ಹೇಳಿದೆನೇ ಹೊರತು ನನ್ನ ಜೀವ ಕೈಯಲ್ಲಿತ್ತು. ಒಂದು ಮಾತನ್ನು ನೆಚ್ಚಿಕೊಂಡು ಮಗಳನ್ನು ಕೂಡಿಸಿದ್ದೇನಲ್ಲ, ಆಕೆ ಬರದಿದ್ದರೆ? ಸೊಂಟ ಉಜ್ಜುತ್ತ, ಶಿವಾ ಶಿವಾ ಅನ್ನುತ್ತ ಬಾಗಿಲ ಕಡೆ ಕಿವಿ ಇಟ್ಟಿದ್ದೆ. ನೋವಿನ ನಡುವೆ ಮಗಳು ನನ್ನ ರಟ್ಟೆಗೆ ಉಗುರೂರಿದಳು. ಕೊನೆಗೆ ಸಂದಿಯಲ್ಲಿ ಎಂಜಿನ್ನಿನ ಸದ್ದು ಕೇಳಿತು. ಬಾಳೆಗೊನೆ ತುಂಬಿದ ಎತ್ತರದ ಗಾಡಿಯೊಂದು ನೀರನ್ನು ಸೀಳಿಕೊಂಡು ಬರುತ್ತಿತ್ತು. ಮುಂದೆ ಡ್ರೈವರನ ಪಕ್ಕ ನೆಂದು ತೊಪ್ಪೆಯಾದ ತಂಗಿ, ಕೈ ಬೀಸುತ್ತಿದ್ದಳು.

ಮಗಳನ್ನು ಮುಂದೆ ಕೂಡಿಸಿ ನಾವಿಬ್ಬರೂ ಹಿಂದೆ ಬಾಳೆಗೊನೆಗಳ ನಡುವೆ ಕೂತೆವು. ತೌಡಿನ ಟೆಂಪೋದಲ್ಲಿ ಹೊರಟವಳಿಗೆ ಅದೇನೂ ಹೊಸದಲ್ಲ. ದೀಪ ಹಚ್ಚುವ ಹೊತ್ತಿಗೆ ಮೊಮ್ಮಗಳು ಹುಟ್ಟಿ ಜೋರಾಗಿ ಅತ್ತಳು. ಆ ಅಳು ಕೇಳಿ ನಾನು ಆಸ್ಪತ್ರೆಯ ನೆಲದ ಮೇಲೆಯೇ ಕೂತುಬಿಟ್ಟೆ. ತಂಗಿ ನನ್ನನ್ನು ಎಬ್ಬಿಸಲು ಬಂದವಳು ತಾನೂ ಪಕ್ಕದಲ್ಲಿ ಕೂತಳು.

ಆಮೇಲಿನ ಬಾಳಂತನ ಒಂದು ಯುದ್ಧ. ಅವರಲ್ಲೂ ಬಾಳಂತನ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ನಾನು ನೀರು ಕಾಯಿಸಿದರೆ ತಂಗಿ ಅದಕ್ಕಿಂತ ಬಿಸಿಯಾದ ನೀರು ಹೊತ್ತು ಬರುತ್ತಿದ್ದಳು. ಟವೆಲ್ಲು ಅದ್ದಿ ಮಗಳ ಹೊಟ್ಟೆಯ ಮೇಲೆ ಒತ್ತುತ್ತಿದ್ದಳು. ನಾನು ಸೊಂಟ ಉಜ್ಜುತ್ತಿದ್ದೆ. "ಒಬ್ಬಾಕಿ ಸಾಕಾಗಿತ್ತು, ಇಬ್ಬರ ಕೈಯಾಗ ಸಿಕ್ಕೆ" ಎಂದು ಮಗಳು ಚೀರುತ್ತಿದ್ದಳು. ಕೂಸಿಗೆ ನನ್ನದು ಕೊಬ್ಬರಿ ಎಣ್ಣೆ, ಆಕೆಯದು ತಾಳೆಬೀಜದ ಕಪ್ಪು ಎಣ್ಣೆ. ಕೊನೆಗೆ ಒಂದು ದಿನ ಅದು, ಒಂದು ದಿನ ಇದು ಎಂದು ರಾಜಿಯಾಯಿತು. ಮೊಮ್ಮಗಳು ಎರಡೂ ಎಣ್ಣೆಗೆ ಒಂದೇ ಸಮನಾಗಿ ಅತ್ತಳು.

ಹಾಗೆ ಕೂಸಿಗೆ ಎಣ್ಣೆ ತಿಕ್ಕುತ್ತ ಒಂದು ದಿನ ತಂಗಿ ತನ್ನ ಊರಿನ ಸಂಗತಿ ಹೇಳಿದಳು. ಮಗಳು ನನಗೆ ಕನ್ನಡದಲ್ಲಿ ಹೇಳುತ್ತ ಹೋದಳು. ಆಕೆಯ ಗುಡ್ಡದ ಊರಿನಲ್ಲಿ ಗಲಾಟೆ ಎದ್ದು, ಶಾಲೆಗಳು ಮುಚ್ಚಿ, ಗುಂಡಿನ ಸದ್ದು ಕೇಳತೊಡಗಿದಾಗ ಬೆಳಗಿನ ಜಾವ ಸಿಕ್ಕ ಗಾಡಿ ಹತ್ತಿ ಡೌವಾಲಾಕ್ಕೆ ಬಂದಿದ್ದಳು. ತಾಯಿ ಮನೆ ಬಿಟ್ಟು ಬರಲು ಒಪ್ಪಲಿಲ್ಲ. ಬಾಗಿಲಲ್ಲಿ ನಿಂತ ತಾಯಿಗೆ ಗಡಿಬಿಡಿಯಲ್ಲಿ "ಐ ಗೋ ಕಮ್" ಎಂದು ಹೇಳಿ ಬಂದವಳು ಮತ್ತೆ ಹೋಗಲು ಆಗಿರಲಿಲ್ಲ. ವರ್ಷಗಳು ಕಳೆದಿದ್ದವು. ರಸ್ತೆ ಸರಿಯಿಲ್ಲ ಎಂದು ಒಮ್ಮೆ, ಭಯ ಎಂದು ಒಮ್ಮೆ. ಅವ್ವ ಫೋನಿನಲ್ಲಿ ಕೇಳುವುದು ಒಂದೇ: ಬರ್ತೇನಿ ಅಂದಿದ್ದೆಯಲ್ಲ? ಹೇಳಿ ಮುಗಿಸಿ ತಂಗಿ ಕೂಸಿನ ಕಾಲು ನೀವುತ್ತ ಕೂತಳು.

ನಾನು ಮರಳುವ ದಿನ ಬಂತು. ಟ್ಯಾಕ್ಸಿ ಗೇಟಿನಲ್ಲಿ ಹಾರ್ನ್ ಬಾರಿಸುತ್ತಿತ್ತು. ಕೂಸನ್ನು ಮುದ್ದಾಡಿದೆ. ಮಗಳಿಗೆ "ಬರ್ತೇನಿ" ಅಂದೆ. ತಂಗಿಯ ಕಡೆ ತಿರುಗಿ, ಅಲ್ಲಿ ಕಲಿತ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿ, ದೊಡ್ಡದಾಗಿ, "ಐ ಗೋ ಕಮ್" ಅಂದೆ.

ತಂಗಿ ನಗುತ್ತಾಳೆ ಎಂದುಕೊಂಡಿದ್ದೆ. ಆಕೆಯ ಮುಖ ಸಣ್ಣದಾಯಿತು. ಮಗಳಿಗೆ ಏನೋ ಹೇಳಿದಳು. ಮಗಳು ನನ್ನ ಮುಖ ನೋಡದೆ ಅಂದಳು: "ಅವ್ವಾ, ಸುಮ್ಮನ ಹಂಗ ಅನ್ನಬ್ಯಾಡ ಅಂತ ಹೇಳಾಕತ್ತಾಳ. ಬರೂದಿದ್ರ ಅಷ್ಟ ಅನ್ನು ಅಂತ. ಆಕೀನೂ ಅವರವ್ವಗ ಹಂಗ ಅಂದು ಬಂದಿದ್ಲಲ್ಲ."

ನನ್ನ ಕಣ್ಣು ತುಂಬಿದವು. ಮುಂದೇನು ಎಂದು ಯೋಚಿಸಲಿಲ್ಲ. ಬ್ಯಾಗನ್ನು ಅಲ್ಲೇ ಬಿಟ್ಟೆ, ತಂಗಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕುರ್ಚಿಯ ಮೇಲೆ ಕೂಡಿಸಿದೆ. ನಾನೂ ಪಕ್ಕದಲ್ಲಿ ಕೂತೆ. ಎರಡು ಲೋಟ ನೀರು ತರಿಸಿದೆ.

"ಅವ್ವಾ, ಏನ್ ಮಾಡಾಕತ್ತಿ? ಟ್ಯಾಕ್ಸಿ ನಿಂತೈತಿ!"

"ನಿಂದರಲಿ. ಆಕಿಗೆ ಹೇಳು. ಅವತ್ತು ಗಡಿಬಿಡ್ಯಾಗ ಹೊಂಟು ಬಂದಾಳ, ಕುಂತು ನೀರು ಕುಡದು ಹೊಂಡಲಿಲ್ಲ. ಮಾತು ಅರ್ಧಕ್ಕ ನಿಂತೈತಿ. ಈಗ ನೀರು ಕುಡದು ಅವರವ್ವಗ ಫೋನ್ ಹಚ್ಚಂತ ಹೇಳು. ಹೊಸದಾಗಿ ಹೇಳಲಿ."

"ಹುಚ್ಚೀನ ನೀನು" ಅಂದಳು ಮಗಳು. ಆದರೂ ಹೇಳಿದಳು. ತಂಗಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ನೀರು ಕುಡಿದಳು, ಪೂರ್ತಿ ಕುಡಿದಳು, ಫೋನು ತೆಗೆದಳು. ಆ ಕಡೆಯಿಂದ ಮುದುಕಿಯೊಬ್ಬಳ ದೊಡ್ಡ ದನಿ ಕೇಳಿತು. ಫೋನಿನಲ್ಲಿ ಕೂಗಿದರೇ ಕೇಳುವುದು ಎಂದು ನಂಬುವ ಮುದುಕಿಯರು ಅಲ್ಲೂ ಇದ್ದಾರೆ. ತಂಗಿ ನಿಧಾನವಾಗಿ, ಒಂದೊಂದೇ ಮಾತಾಗಿ, "ಮಾಮಿ, ಐ ಗೋ ಕಮ್" ಅಂದಳು. ಆಮೇಲೆ ಮುದುಕಿ ಕೂಗಿದಳು, "ಕಮ್!"

ಊರಿಗೆ ಬಂದೆ. ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಾ ನೀರು ಕುಡಿಸಿ ಕಳಿಸಿದ್ದಕ್ಕ ಎಲ್ಲಾ ನೆಟ್ಟಗಾತು" ಎಂದು ಬಾಳಂತನದ ಕೀರ್ತಿಯನ್ನೆಲ್ಲ ತಾನೇ ತೆಗೆದುಕೊಂಡಳು. ಈಗ ಸಲಹೆ ಕೇಳಲು ಬಂದವರಿಗೆ ಸೂಜಿ, ಝೆರಾಕ್ಸು, ಸೊಳ್ಳೆ ಪರದೆ, ಎಲ್ಲ ಹೇಳುತ್ತೇನೆ. ಸಿಂಹದ ಬಗ್ಗೆ ಕೇಳಿದರೆ ಶಿಗ್ಗಾವಿಗೆ ಕಳಿಸುತ್ತೇನೆ. ಎದ್ದು ಹೊರಡುವಾಗ ಮಾತ್ರ ಕೂಡಿಸಿ ಒಂದು ಲೋಟ ನೀರು ಕೊಡುತ್ತೇನೆ. ನೀರಡಿಕೆಯಿಲ್ಲ ಅಂದರೂ ಬಿಡುವುದಿಲ್ಲ.

ಹೋದ ವಾರ ಮಗಳು ಒಂದು ಧ್ವನಿ ಸಂದೇಶ ಕಳಿಸಿದಳು. ಹಚ್ಚಿದರೆ ಮೊದಲು ಕೋಳಿ ಕೂಗಿದ್ದು ಕೇಳಿತು, ಯಾರೋ ಮುದುಕಿ ಜೋರಾಗಿ ನಗುತ್ತಿದ್ದಳು, ಆಮೇಲೆ ತಂಗಿಯ ದನಿ: "ಮಾಮಿ, ಐ ಡನ್ ಕಮ್." ಕೆಳಗೆ ಮಗಳು ಅರ್ಥ ಬರೆದಿದ್ದಳು. ಬಂದು ಮುಟ್ಟೇನಿ ಅಂತ. ನನಗೆ ಅರ್ಥ ಬೇಕಾಗಿರಲಿಲ್ಲ. ಅದನ್ನು ಮತ್ತೆ ಮತ್ತೆ ಹಚ್ಚಿ ಕೇಳಿದೆ. ಪಡಸಾಲೆಯಲ್ಲಿ ಕೂತಿದ್ದ ನಮ್ಮವರು, "ಏನಂತ ಅದು?" ಎಂದು ಕೇಳಿದರು. ಕಣ್ಣೊರೆಸಿಕೊಂಡು ಎಲ್ಲ ಹೇಳಿದೆ.

ಅವರು ಹೆಚ್ಚು ಮಾತಾಡುವವರಲ್ಲ. ಇಷ್ಟೇ ಅಂದರು: "ಹಂಗಾರ ಇನ್ನ ಮಾತು ಉಳಿಸ್ಕೊಳ್ಳಬೇಕಾದಾಕಿ ನೀ ಒಬ್ಬಾಕೀನ."

ಎದ್ದು ಹೋಗಿ ಪೆಟ್ಟಿಗೆ ತೆಗೆದು ನೋಡಿದೆ. ಪಾಸ್‌ಪೋರ್ಟಿನೊಳಗೆ ಹಳದಿ ಕಾರ್ಡು ಹಾಗೇ ಇತ್ತು. ಆ ಸೂಜಿ ಒಮ್ಮೆ ಮಾಡಿಸಿದರೆ ಜೀವ ಇರುವತನಕ ನಡೆಯುತ್ತದಂತೆ.

"ಈ ಸಲ ಶುಂಠಿ ಒಯ್ಯಂಗಿಲ್ಲ" ಅಂದೆ.